ಬೇರಿಗೆ ಅಂಟಿದ್ದು

ಅಕ್ಟೋಬರ್ ೧೪, ಶನಿವಾರ ಮಧ್ಯಾಹ್ನ
ಮಣ್ಣಿನ ಪ್ರಯೋಗಾಲಯ, ಎರಡನೆಯ ಮಹಡಿ. ಎಲ್ಲರೂ ಮನೆಗೆ ಹೋಗಿದ್ದಾರೆ.

ಪ್ರೀತಿಯ ಸೇತುವೆ ಸಾಹೇಬರಿಗೆ,

ಕೆಮ್ಮು ಕಡಿಮೆಯಾಯಿತೇ? ಬಿಸಿಲಲ್ಲಿ ತೊಲೆಗಳ ನಡುವೆ ನಿಂತು ತಣ್ಣೀರು ಕುಡಿಯುವುದನ್ನು ಬಿಟ್ಟಿದ್ದೀರೆಂದು ನಂಬಿದ್ದೇನೆ. ಬರೀ ನಂಬಿಕೆ ಅಷ್ಟೇ. ಅತ್ತೆ ಆರೋಗ್ಯವಾಗಿದ್ದಾರೆ, ನನಗೆ ಬೈಯುವಷ್ಟು. ನಿನ್ನೆ ಊಟದ ಮೇಜಿನ ತುಂಬ ನನ್ನ ಕಾಗದಗಳನ್ನು ಕಂಡು, “ಕಣ್ಣಿಗೆ ಕಾಣದವರ ಸಂಸಾರ ಎಣಿಸ್ತಾ ಕೂತಿದ್ದೀಯ, ಕಣ್ಣಿಗೆ ಕಾಣೋ ಗಂಡ ಅಲ್ಲಿ ಒಬ್ಬನೇ ಬೇಯಿಸ್ಕೊಂಡು ತಿಂತಾನೆ” ಅಂದರು. ಹೋದ ಪತ್ರದಲ್ಲಿ ನೀವು ಕೇಳಿದ್ದೂ ಅದನ್ನೇ: ಸೇತುವೆ ಮುಗಿಯಲು ಇನ್ನೂ ಮೂರು ವರ್ಷ ಬೇಕು, ಇಲ್ಲಿಗೆ ಬಂದು ಇರುತ್ತೀಯೋ ಇಲ್ಲವೋ, ಒಂದು ಮಾತು ಹೇಳಿಬಿಡು ಎಂದು. ಹೇಳುತ್ತೇನೆ. ಮೊದಲು ನಿಮ್ಮ ಪೊಟ್ಟಣದ ಸಮಾಚಾರ.

ಹತ್ತಿಗಿಡದ ಬೇರು ತಲುಪಿತು. ಎಷ್ಟು ಚೆಂದ ತೊಳೆದಿದ್ದೀರಿ! ಒಂದು ಕಣ ಮಣ್ಣಿಲ್ಲ. ಮೇಲೆ ಇಸ್ತ್ರಿ ಮಾಡಿದ ಕರವಸ್ತ್ರ ಬೇರೆ. ನಮ್ಮ ಮುಖ್ಯಸ್ಥೆ ಬಿಚ್ಚಿ ನೋಡಿ, “ಅಯ್ಯೋ, ಮದುಮಗನ ಹಾಗೆ ಸ್ನಾನ ಮಾಡಿಸಿ ಕಳಿಸಿದ್ದಾರಲ್ಲೇ ನಿಮ್ಮನೆಯವರು!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೇರು ಬೇಕೆಂದು ಬರೆದಿದ್ದೆ, ನೀವು ಬೇರನ್ನೇ ಕಳಿಸಿದಿರಿ. ನಮಗೆ ಬೇಕಾದದ್ದು ಅದರ ಕೊಳೆ. ಗಿಡ ಕಿತ್ತು ಒಮ್ಮೆ ಕೊಡವುತ್ತೇವೆ. ಉದುರಿದ್ದು ಹೊಲದ ಮಣ್ಣು. ಕೊಡವಿದರೂ ಬಿಡದೆ ಅಂಟಿಕೊಂಡದ್ದು ಬೇರಿನ ಮಣ್ಣು; ಸೂಕ್ಷ್ಮಜೀವಿಗಳು ನೆರೆದಿರುವುದು ಅಲ್ಲಿ.

ಈಗ ಕಿಟಕಿಯ ಬಳಿ, ಮೂರು ಸೀಮೆಯ ಬೇರಿನ ಮಣ್ಣಿನಿಂದ ಸೂಕ್ಷ್ಮಜೀವಿಗಳನ್ನು ಬೆಳೆಸಿದ ಗಾಜಿನ ತಟ್ಟೆಗಳಿವೆ: ಕಪ್ಪು ಮಣ್ಣಿನದು, ಕೆಂಪು ಮಣ್ಣಿನದು, ಮರಳಿನದು. ಮೂರು ಕಡೆಯ ಹೊಲದಲ್ಲೂ ಬಿತ್ತಿದ ಹತ್ತಿಬೀಜ ಒಂದೇ ಚೀಲದ್ದು. ಸಸಿಯ ಬೇರಿನ ಸುತ್ತ ಅಲ್ಲೊಬ್ಬರು ಇಲ್ಲೊಬ್ಬರು. ಹೂ ಬಿಡುವಾಗ ಬೇರು ಸಿಹಿ ಒಸರುತ್ತದೆ, ಕತ್ತಲಲ್ಲೇ ಸಂತೆ ನೆರೆಯುತ್ತದೆ. ಕಾಯಿ ಬಿರಿದು ಅರಳೆ ಹೊರಬರುವ ಹೊತ್ತಿಗೆ ಕೆಲವರು ಎದ್ದು ಹೋಗಿರುತ್ತಾರೆ, ಯಾರೋ ಹೊಸಬರು ಆ ಜಾಗದಲ್ಲಿ ಕೂತಿರುತ್ತಾರೆ. ಬಿಸಿಲು ಗಾಜಿನ ಮೇಲೆ ಓರೆಯಾಗಿ ಬಿದ್ದಾಗ, ತಟ್ಟೆಯಲ್ಲಿ ಅವರು ಗುಂಪುಗೂಡಿದ ಹಾಲುಬಿಳಿಯ, ಗಂಧದ ಬಣ್ಣದ ಚುಕ್ಕೆಗಳು ದೂರದ ಊರುಗಳಂತೆ ಕಾಣುತ್ತವೆ. ಅವುಗಳ ಮೇಲೆ ಸದ್ದಿಲ್ಲದೆ ತೇಲುತ್ತಿದ್ದೇನೆ ಅನ್ನಿಸಿ ಚಹಾ ಆರಿಹೋಗುತ್ತದೆ. ಗಿಡ ತನಗೆ ಬೇಕಾದವರನ್ನು ಆರಿಸಿಕೊಳ್ಳುತ್ತದೆ ಎಂದುಕೊಂಡಿದ್ದೆ. ಆರಿಸಿಕೊಳ್ಳುತ್ತದೆ, ಆದರೆ ಆ ನೆಲದಲ್ಲಿ ಇರುವವರೊಳಗೇ. ಸೀಮೆ ಬದಲಾದರೆ ಒಡನಾಡಿಗಳೂ ಬೇರೆ. ಹೂ ಮಾತ್ರ ಮೂರು ಕಡೆಯೂ ಅದೇ ತೆಳು ಹಳದಿ. ನಿಮ್ಮ ಪ್ರಶ್ನೆಗೆ ಇಷ್ಟು ದಿನ ನಾನು ಹೆದರಿದ್ದು ಇದಕ್ಕೇ ಇರಬೇಕು: ಅಲ್ಲಿ ಈ ಕೊಠಡಿಯಿಲ್ಲ, ಮುಖ್ಯಸ್ಥೆಯ ನಗುವಿಲ್ಲ, ಆ ನೆಲದಲ್ಲಿ ನಾನು ಯಾರಾಗಿಬಿಡುತ್ತೇನೋ ಎಂದು. ನಿಮ್ಮ ನದಿ ದಡದ ಮೆಕ್ಕಲು ಮಣ್ಣಿನ ಒಂದು ತಟ್ಟೆಯೂ ನಮ್ಮಲ್ಲಿಲ್ಲ.

ಮೈ ಕಡೆ ಗಮನವಿರಲಿ. ಜೊತೆ ಕೆಲಸದವರಿಗೆ ನನ್ನ ನೆನಪು ಹೇಳಿ. ಅತ್ತೆಯ ಆಶೀರ್ವಾದ, ಬೈಗುಳದ ಸಮೇತ.

ನಿಮ್ಮ
ಮಣ್ಣಿನವಳು

ತಾ.ಕ.: ಉತ್ತರ ಬರೆಯದೆಯೇ ಲಕೋಟೆ ಅಂಟಿಸುತ್ತಿದ್ದೆ! ಬರುತ್ತೇನೆ. ನಿಮ್ಮ ದಡವನ್ನು ನಾಲ್ಕನೆಯ ಸೀಮೆಯಾಗಿ ಸೇರಿಸಿಕೊಳ್ಳಿ ಎಂದು ಮುಖ್ಯಸ್ಥೆಯನ್ನು ಕೇಳುತ್ತೇನೆ, ಅವರು ಒಪ್ಪದಿದ್ದರೂ ಬರುತ್ತೇನೆ. ಹೂ ಬಿಟ್ಟಾಗ ಒಂದು ವಾರದ ಮಟ್ಟಿಗಲ್ಲ, ಬಿತ್ತನೆಗೆ ಮೊದಲೇ, ನೆಲ ಬರಿದಾಗಿರುವಾಗಲೇ. ಅವರಿಗೆ ಸೋಮವಾರ ಹೇಳಬೇಕು. ಅತ್ತೆಗಂತೂ ಇನ್ನೂ ಹೇಳಿಲ್ಲ. ಹೇಳಿದ ಗಳಿಗೆಯಲ್ಲೇ ಅಟ್ಟದಿಂದ ಪೆಟ್ಟಿಗೆ ಇಳಿಸಿಬಿಡುತ್ತಾರೆ, ತಮ್ಮದನ್ನೂ.