ಮೈಕಿನಲ್ಲಿ ಕೇಳಿದ ನಿಮ್ಮ ಹೆಸರು

ಪೂಜ್ಯ ಅಪ್ಪಾಜಿಯವರಿಗೆ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲವಾದ್ದರಿಂದ ನಿಜವನ್ನೇ ಬರೆಯುತ್ತೇನೆ. “ಈ ಕೆಲಸದಲ್ಲಿ ನನ್ನ ಹೆಸರು ತರಬೇಡ” ಎಂದಿದ್ದಿರಿ. ಅಂದಿನಿಂದ ನೀವು ನನ್ನ ಫೋನನ್ನೂ ಎತ್ತಿಲ್ಲ. ಇಂದು ನಿಮ್ಮ ಹೆಸರು ಬಂತು.

ಲೈಂಗಿಕ ಕಾರ್ಯಕರ್ತೆಯರ ಹಕ್ಕುಗಳ ಕುರಿತ ನಮ್ಮ ಅಭಿಯಾನದ ಮೊದಲ ಬಹಿರಂಗ ಸಭೆ ಸೂರತ್ತಿನ ಪಾಂಡೇಸರಾದಲ್ಲಿ ನಡೆಯಿತು. ಅವರ ಮಕ್ಕಳನ್ನು ಶಾಲೆಗೆ ಸೇರಿಸುವಾಗ ತಂದೆಯ ಹೆಸರಿಗಾಗಿ ಪೀಡಿಸಬಾರದೆಂಬುದೇ ನನ್ನ ಭಾಷಣದ ವಿಷಯ. ಹೆಸರಿನೊಡನೆ ತಂದೆಯ ಹೆಸರನ್ನೂ ಸೇರಿಸಿ ಹೇಳುವ ಇಲ್ಲಿನ ವಾಡಿಕೆಯಂತೆ, ನಿರೂಪಕ ಹಸಮುಖಭಾಯಿ ಮೈಕಿನಲ್ಲೇ ಕೇಳಿದರು: “ಆಶ್ರಿತಾಬೆನ್, ಬಾಪುಜಿನು ನಾಮ್?”

ಲೈಂಗಿಕ ಕಾರ್ಯಕರ್ತೆಯಾಗಿಯೇ ಮಕ್ಕಳನ್ನು ಸಾಕಿದ ಹಂಸಾಬೆನ್ ಮುಂದಿನ ಸಾಲಿನಿಂದ ಕೂಗಿದರು: “ಅರೇ ಭಾಯಿ, ಇಲ್ಲೂ ಅದೇ ಶುರು ಮಾಡಿದಿರಾ?”

ಎಲ್ಲರೂ ನಕ್ಕರು. ಪ್ರತಿ ತರಗತಿಯಲ್ಲೂ ಪ್ರಥಮಳಾದ ನಿಮ್ಮ ಮಗಳು ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ನಿಂತದ್ದು ಅದೇ ಮೊದಲು. ನನ್ನ ಮೌನವನ್ನು ತಪ್ಪಾಗಿ ತಿಳಿದ ಹಸಮುಖಭಾಯಿ ದನಿ ತಗ್ಗಿಸಿದರು: “ಮಾಫ್ ಕರಜೋ ಬೆನ್. ಸ್ವರ್ಗಸ್ಥರಾದರೇ?”

“ಇಲ್ಲ! ಇದ್ದಾರೆ! ಚಾಂದ್‌ಖೇಡಾದಲ್ಲಿದ್ದಾರೆ! ಚಂದ್ರಕಾಂತ!” ಎಂದು ಕೂಗಿಬಿಟ್ಟೆ. ಮೈಕು ಅದನ್ನು ಬೀದಿಯ ಕೊನೆಯವರೆಗೂ ಕೊಂಡೊಯ್ದಿತು.

ಸಭೆ ಮುಗಿದ ಮೇಲೆ ಹಂಸಾಬೆನ್ ಚಹಾ ಕೊಡುತ್ತಾ, “ಇದ್ದಾರಲ್ಲ, ಮುಂದಿನ ಸಲ ಕರ್ಕೊಂಡು ಬಾ ಬೇಟಾ, ಮಗಳ ಭಾಷಣ ಕೇಳಲಿ” ಎಂದರು.

“ಬರ್ತಾರೆ” ಎಂದೆ.

ಮುಂದಿನ ಸಭೆ ವಡೋದರಾದಲ್ಲಿದೆ, ಅಪ್ಪಾಜಿ. ಚಾಂದ್‌ಖೇಡಾದ ನಿಮ್ಮ ಮನೆಯಿಂದ ಅದು ಸೂರತ್ತಿನಷ್ಟು ದೂರವಿಲ್ಲ.