ಕುಂಕುಮ ಹಚ್ಚಿದ ಹಲಗೆ

ಅಪ್ಪ,

ನೀನು ಇದ್ದಿದ್ರೆ ಇವತ್ತು ನನ್ನ ಮುಖಕ್ಕೇ ಉಗೀತಿದ್ದೆ.

ನಮ್ಮ ಅಂಗನವಾಡಿಗೆ ಶಿಕಾರಿಪುರದಿಂದ ಆಟದ ಸಾಮಾನು ಬಂತು. ಮಕ್ಕಳು ಬೀಳದ ಹಾಗೆ ನಡೆಯೋದು ಕಲೀಲಿ ಅಂತ ಒಂದು ಅಗಲ ಕಮ್ಮಿಯ ಉದ್ದನೆ ಹಲಗೆ, ನಾಲ್ಕು ರಿಂಗು. ಊರಿನ ದೊಡ್ಡವರು ಹಲಗೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಫೋಟೊ ಹೊಡೆಸಿಕೊಂಡರು. ಹೊರಡುವಾಗ ಅವರಲ್ಲೊಬ್ಬರು, ಸದಾಶಿವಪ್ಪನೋರು, "ಪೂಜೆ ಮಾಡಿದ್ದನ್ನ ಮಕ್ಕಳು ತುಳಿಯೋದು ಬ್ಯಾಡ್ರೀ ಟೀಚರ್, ಎತ್ತಿ ಗೋಡೆಗೆ ನಿಲ್ಲಿಸಿಬಿಡಿ" ಅಂದರು. ತುಳಿಯೋಕೆ ಅಂತಲೇ ಮಾಡಿದ ಹಲಗೆ ಅದು! ಥೂ, ಹೇಸಿಗೆ ಆಯ್ತು.

ನೀನೂ ಆಯುಧಪೂಜೆಗೆ ನೇಗಿಲಿಗೆ ಕುಂಕುಮ ಹಚ್ಚುತ್ತಿದ್ದೆ. ಮಾರನೇ ದಿನ ಅದೇ ನೇಗಿಲನ್ನ ಮಣ್ಣಿಗೆ ಇಳಿಸ್ತಿದ್ದೆ. ಹಳೇ ಗಾಡಿಯ ಮರ ಕೆತ್ತಿ, ಎರಡು ಇಟ್ಟಿಗೆ ಮೇಲಿಟ್ಟು, ಈ ಮಕ್ಕಳನ್ನ ಕೈ ಹಿಡಿದು ನಡೆಸಿದವನು ನೀನು. ಹೊಸದು ಬರುತ್ತೆ ಅಂತ ಆ ಮರವನ್ನ ಹೋದ ವಾರ ನಾನೇ ಹಂಡೆ ಒಲೆಗೆ ಹಾಕಿದೆ.

ಅವರೆಲ್ಲ ಹೋದ ಮೇಲೆ ನಾಲ್ಕು ವರ್ಷದ ಶರಣ್ಯ ಚಪ್ಪಲಿ ಬಿಟ್ಟು, ಎರಡೂ ಕೈ ಚಾಚಿ, ಹಲಗೆ ಮೇಲೆ ಮೂರು ಹೆಜ್ಜೆ ಇಟ್ಟಳು. ಬೀಳಲಿಲ್ಲ. "ಇಳಿಯೇ ಕೆಳಗೆ!" ಅಂತ ಗದರಿದ್ದು ಕೇಳಿಯೇ ಬಿದ್ದಳು.

ಸದಾಶಿವಪ್ಪನೋರು ಆಗಲೇ ಮನೆ ಸೇರಿದ್ದರು. ಅಲ್ಲಿದ್ದವಳು ನಾನೊಬ್ಬಳೇ, ಅಪ್ಪ.