ಸರ್ವಾನುಮತ

ಬಾರ್ಕೂರು
17 ಮಾರ್ಚ್ 2013, ಭಾನುವಾರ

ಪ್ರೀತಿಯ ತಮ್ಮ ಸುಧೀರನಿಗೆ ಅಕ್ಕನ ಸಲಾಂ.

ಮೂರೂವರೆ ವರ್ಷದ ಮೇಲೆ ನಿನ್ನ ಹೆಸರು ಬರೆಯುತ್ತಿದ್ದೇನೆ. ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ. ಹರಿಯುವುದಿದ್ದರೆ ಪೂರ್ತಿ ಓದಿದ ಮೇಲೆ ಹರಿ. ನೀನಿರುವ ಬಿಜೂರಿನ ವಿಳಾಸ ಅಕ್ಕನಿಗೆ ಹೇಗೆ ಸಿಕ್ಕಿತು ಎಂದು ನಿನಗೆ ಅನ್ನಿಸಬಹುದು. ಅದು ಮೊದಲಿನಿಂದಲೂ ನನ್ನ ಹತ್ತಿರ ಇತ್ತು.

ಅಮ್ಮ ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಅವಳ ಬಗ್ಗೆಯೇ ಹೇಳಬೇಕಾಗಿದೆ, ಆದರೆ ಅದಕ್ಕೆ ಆ ದಿನದ ಸಭೆಯಿಂದಲೇ ಸುರು ಮಾಡಬೇಕು. ನೀನು ಅರ್ಧದಲ್ಲಿ ಎದ್ದು ಹೋದೆ. ಉಳಿದರ್ಧ ನಿನಗೆ ಗೊತ್ತಿಲ್ಲ.

2009ರ ಅಕ್ಟೋಬರ್. ಅಮೇರಿಕದ ಲೂಥರನ್ ಸಭೆಯವರು, ಗಂಡಿನೊಡನೆ ಗಂಡು, ಹೆಣ್ಣಿನೊಡನೆ ಹೆಣ್ಣು ಸಂಗಾತಿಯಾಗಿ ಬಾಳುತ್ತಿದ್ದರೂ ಬೋಧಕರಾಗಿರಬಹುದು ಎಂದು ಒಪ್ಪಿದ ವರ್ಷ. ಪೇಪರಿನಲ್ಲಿ ಬಂದದ್ದೇ ತಡ, ನಮ್ಮ ನಲವತ್ತು ಮನೆಯ ಲೂಥರನ್ ಸಭೆಯಲ್ಲೂ ಅದೇ ಚರ್ಚೆ. ಕಡೆಗೆ ಸಭಾಹಿರಿಯರಾದ ದೇವಪ್ಪ ಮಾಸ್ತರರು ಒಂದು ಠರಾವು ಬರೆದು ತಂದರು: ಅಂಥ ಬಾಳು ಪಾಪ, ಅಂಥವರು ಪ್ರಸಂಗಪೀಠ ಹತ್ತಬಾರದು. ಆರಾಧನೆಯ ನಂತರ ಅದನ್ನು ಎಲ್ಲರಿಗೂ ಓದಿ ಹೇಳಬೇಕಾದವನು ಬೋಧಕನಾದ ನೀನೇ.

ಗಂಗೊಳ್ಳಿಯ ಐಸ್ ಪ್ಲಾಂಟಿನ ಮೆಕ್ಯಾನಿಕ್ ಉಮಾನಾಥ ಎರಡು ವರ್ಷದಿಂದ ನಮ್ಮ ಮನೆಗೆ ಬಂದು ಹೋಗುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ನಿನ್ನ ಸ್ನೇಹಿತ ಎಂದು ಗೊತ್ತಿತ್ತು. ನನಗೆ ಅದಕ್ಕಿಂತ ಹೆಚ್ಚು ಗೊತ್ತಿತ್ತು, ಆದರೆ ಗೊತ್ತಿಲ್ಲದವಳ ಹಾಗೆ ಇದ್ದೆ. ನೀನು ಕಾಗದ ಕೈಗೆ ತೆಗೆದುಕೊಂಡು ಮನಸ್ಸಿನಲ್ಲೇ ಓದಿದೆ. "ಇದನ್ನ್ ನಾನ್ ಓದುದಿಲ್ಲೆ. ಇದ್ರಗೆ ಬರ್ದದ್ದ್ ನನ್ನ್ ಬಗ್ಗೆಯೇ. ಉಮಾನಾಥ ನಂಗೆ ಬರೀ ಸ್ನೇಹಿತ ಅಲ್ಲ," ಎಂದೆ. ಆ ಪೀಠದಿಂದ ಎಂದೂ ಮನೆಮಾತು ಆಡದವನು ಅವತ್ತು ಆಡಿದೆ. ಕಾಗದ ಮಡಚಿ ಮಾಸ್ತರರ ಕೈಗೇ ಕೊಟ್ಟು ಹೊರಗೆ ಹೋದೆ.

ಆಮೇಲೆ ತುಂಬ ಗಲಾಟೆಯಾಗಲಿಲ್ಲ, ಸುಧೀರಾ. ಗಲಾಟೆಯಾಗಿದ್ದರೆ ಒಳ್ಳೆಯದಿತ್ತು. ಠರಾವನ್ನು ಒಪ್ಪಿ ನಿನ್ನನ್ನು ತೆಗೆಯುವವರು ಕೈ ಎತ್ತಿ ಎಂದರು. ಒಬ್ಬೊಬ್ಬರಾಗಿ ಎತ್ತಿದರು. ಕಾರ್ಯದರ್ಶಿಯಾಗಿ ನಡವಳಿ ಬರೆಯುತ್ತಿದ್ದ ನನ್ನ ಬಲಗೈಯಲ್ಲಿ ಪೆನ್ನಿತ್ತು. ಎಡಗೈ ಎತ್ತಿದೆ. ಆಗ ಪ್ರಜ್ಞಾಳಿಗೆ ಬ್ರಹ್ಮಾವರದ ಸಂಬಂಧ ಮಾತಿನಲ್ಲಿತ್ತು, ಮಗಳ ಮದುವೆ ನಿಲ್ಲುತ್ತದೆ ಎಂದು ಹೆದರಿದ್ದೆ. ಆ ಸಂಬಂಧ ಆರು ತಿಂಗಳಲ್ಲಿ ಬೇರೆ ಯಾವುದೋ ಕಾರಣಕ್ಕೆ ತಪ್ಪಿಹೋಯಿತು.

ಆಗ ಹೆಂಗಸರ ಸಾಲಿನಲ್ಲಿ ಅಮ್ಮ ಎದ್ದಳು. ಮುಂದಿನ ಬೆಂಚು ಹಿಡಿದು ನಿಂತು, "ನಂದ್ ಕೈ ಇಲ್ಲೆ," ಎಂದಳು. "ನಾನ್ ಕಾಲ್ ಮುರ್ಕಂಡ್ ಮಲ್ಗಿದಾಗ ಬಾವಿಂದ ನೀರ್ ಹೊತ್ ತಂದದ್ ಆ ಉಮಾನಾಥ. ನಿಮ್ಮೊಳ್ಗ್ ಯಾರ್ ಬಂದಿದ್ರಿ? ಅವ್ರಿಬ್ರೂ ನನ್ನ್ ಮಕ್ಕಳೇ." ಅಮ್ಮ ನನ್ನ ಕಡೆ ತಿರುಗಿ, "ಬರ್ಕೊ ಸುಗಂಧಿ," ಎಂದಳು.

ನಾನು ಬರೆಯಲಿಲ್ಲ. 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಬರೆದೆ. ನಿನ್ನನ್ನು ತೆಗೆದ ಪತ್ರದ ಜೊತೆ ನಿನಗೆ ಬಂದದ್ದು ಅದೇ ನಡವಳಿಯ ಪ್ರತಿ. ಅದನ್ನು ಓದಿ ನೀನು ಏನು ತಿಳಿದುಕೊಂಡೆ ಎಂದು ನನಗೆ ಗೊತ್ತು. ಮರುವಾರ ನೀನು ಫೋನ್ ಮಾಡಿ, "ಅಮ್ಮನ್ ಹತ್ರ ಒಂದ್ ಮಾತ್ ಆಡ್ಕ್ ಅಕ್ಕ," ಎಂದೆ. ಅವಳಿಗೆ ನಿನ್ನ ದನಿಯೂ ಬೇಡವಂತೆ ಎಂದು ನಾನು ಹೇಳಿದೆ. ಅಮ್ಮ ಆಗ ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಯಾರ ಫೋನ್ ಎಂದು ಕೇಳಿದವಳಿಗೆ ನಾನು ಕಲಿಸುವ ಶಾಲೆಯದ್ದು ಎಂದೆ. ಕೆಲವು ದಿನ ಬಿಟ್ಟು, ನೀನು ಉಮಾನಾಥನ ಜೊತೆ ಮುಂಬಯಿಗೆ ಹೋದೆ, ವಿಳಾಸ ಕೊಡಲಿಲ್ಲ ಎಂದು ಅವಳಿಗೆ ಹೇಳಿದೆ. ಮೊದಲು ಒಂದು ಸುಳ್ಳು, ಅದನ್ನು ಕಾಯಲು ಇನ್ನೊಂದು.

ಅವಳು ನಂಬಿದಳು. ಮುಂಬಯಿಯಿಂದ ಊರಿಗೆ ಬಂದವರನ್ನೆಲ್ಲ ವಿಚಾರಿಸುತ್ತಿದ್ದಳು, ನಮ್ಮ ಸುಧೀರ ಎಲ್ಲಿಯಾದರೂ ಕಾಣಸಿಕ್ಕಿದನೇ ಎಂದು.

ಮಣ್ಣು ಮಾಡಿದ ದಿನ ನೀನು ಸ್ಮಶಾನದ ಗೋಡೆಯ ಹೊರಗೆ ನಿಂತಿದ್ದೆ. ಉಮಾನಾಥ ಬೈಕ್ ಹಿಡಿದುಕೊಂಡು ನಿನ್ನ ಹಿಂದೆ ಇದ್ದ. ಅಕ್ಕ ನೋಡಲೇ ಇಲ್ಲ ಎಂದುಕೊಂಡಿರಬಹುದು. ನಾನು ನೋಡಿದೆ. ದೇವಪ್ಪ ಮಾಸ್ತರರೂ ನೋಡಿದರು. ಅವರು ಈಗ ಕೋಲು ಹಿಡಿದು ನಡೆಯುತ್ತಾರೆ. ನನ್ನ ಹತ್ತಿರ ಬಂದು ಮೆಲ್ಲಗೆ, "ಕರೀಲಾ ಸುಗಂಧಿ? ತಾಯಿ ಅಲ್ದಾ," ಎಂದರು. ಠರಾವು ಬರೆದವರೇ ಹಾಗೆ ಕೇಳಿದರು. ಬೇಡವೆಂದು ತಲೆಯಾಡಿಸಿದವಳು ನಾನು. ಸಭೆಗೆ ಹೆದರಿ ಅಲ್ಲ. ನೀನು ಒಳಗೆ ಬಂದರೆ ಯಾರಾದರೂ, ಮುಂಬಯಿಯಿಂದ ಯಾವಾಗ ಬಂದದ್ದು ಎಂದು ಕೇಳುತ್ತಾರಲ್ಲ, ಅದಕ್ಕೆ.

ಕ್ಷಮಿಸು ಎಂದು ಬರೆಯಲು ಹೋಗಿ ಎರಡು ಸಲ ಬಿಟ್ಟೆ. ಅದು ನಾನು ಕೇಳುವ ಮಾತಲ್ಲ. ನಿನ್ನ ತಾಯಿ ನಿನ್ನ ವಿರುದ್ಧ ಕೈ ಎತ್ತಲಿಲ್ಲ, ಅಷ್ಟು ನಿನಗೆ ತಿಳಿಯಬೇಕು. ಮನೆ ಬಾಗಿಲು ತೆರೆದಿದೆ. ಬರುವುದಾದರೆ ಇಬ್ಬರೂ ಬನ್ನಿ. ಬಾರದಿದ್ದರೂ ನಾನು ಬೇಸರಪಡುವ ಹಾಗಿಲ್ಲ.

ಇಂತು,
ನಿನ್ನ ಅಕ್ಕ
ಸುಗಂಧಿ

ತಾ.ಕ.: ಸಹಿ ಹಾಕಿದ ಮೇಲೂ ಪತ್ರ ಮಡಚಲು ಕೈ ಬರುತ್ತಿಲ್ಲ. ಕೊನೆಯ ವಾರ ಅಮ್ಮನಿಗೆ ಗುರುತು ಹತ್ತುತ್ತಿರಲಿಲ್ಲ. ಇಂಜೆಕ್ಷನ್ ಕೊಡಲು ಬರುತ್ತಿದ್ದ ಕಂಪೌಂಡರ್ ರತನ್ ನಿನ್ನದೇ ವಯಸ್ಸಿನವನು. ಅವನ ಕೈ ಹಿಡಿದು, "ಬಂದ್ಯಾ ಸುಧೀರಾ? ಉಂಡ್ಯಾ?" ಎಂದಳು. ಅವನು ನನ್ನ ಮುಖ ನೋಡಿದ. ಹೂಂ ಎನ್ನು ಎಂದು ನಾನು ಸನ್ನೆ ಮಾಡಿದೆ. ಅವನು ಬಗ್ಗಿದ. ಅಮ್ಮ ಅವನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥನೆ ಮಾಡಿದಳು, ಉಮಾನಾಥನ ಹೆಸರನ್ನೂ ಸೇರಿಸಿ. ಆಮೇಲೆ ಮೂರು ದಿನ ಬದುಕಿದ್ದಳು. ಬಿಜೂರಿನಿಂದ ಇಲ್ಲಿಗೆ ಒಂದೂವರೆ ಗಂಟೆಯ ದಾರಿ.